ಹೊಳೆ ಇಳಿದ ಮೇಲೆ ಬಾವಿಗೂ ಸರ್ವೆ ಆಗಲಿ



ಚಂಡಮಾರುತವೆಂದರೆ ಸಮುದ್ರ ದಂಡೆಯವರ ಕಷ್ಟ, ನಮ್ಮ ಬಯಲುಸೀಮೆಗೆ ಅದರ ಗೊಡವೆ ಇಲ್ಲವೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದೇವೆ. 2020ರ ಅಕ್ಟೋಬರ್ ತಿಂಗಳನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿರಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತವು ಆ ತಿಂಗಳ 13ರಂದು ಕಾಕಿನಾಡದ ಹತ್ತಿರ ದಂಡೆ ಹತ್ತಿ, ತೆಲಂಗಾಣ ದಾಟಿ, ನಮ್ಮ ತಲೆಯ ಮೇಲೆ ಹಾಯ್ದು ಮಹಾರಾಷ್ಟ್ರದ ಕಡೆ ನಡೆಯಿತು. ಮೇಲೆ ಉಜನಿ ಜಲಾಶಯದಿಂದ ನೀರು ಬಿಟ್ಟರು, ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ಸ್ ಇಳಿಯಿತು, ಭೀಮೆ ಉಕ್ಕಿದಳು. ಅದರ ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ, ಕೃಷ್ಣೆಯ ಸರದಿ. ನಾರಾಯಣಪುರದ ಬಸವಸಾಗರದಿಂದ ಐದು ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಬಿಟ್ಟಾಗ ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ನಡುಗಡ್ಡೆಯಾಯಿತು, ಶಹಾಪುರದ ಕಡೆಯಿಂದ ದೇವದುರ್ಗಕ್ಕೆ ಹೋಗುವ ಕೊಳ್ಳೂರು ಸೇತುವೆ ಮುಳುಗಿತು. 2009ರ ಸೆಪ್ಟೆಂಬರ್ ಕೊನೆಯ ಮಹಾಮಳೆಯನ್ನಂತೂ ಹಿರಿಯರು ಮರೆತಿರಲಾರರು. ಆಗ ಯಾದಗಿರಿ ಇನ್ನೂ ಜಿಲ್ಲೆಯೂ ಆಗಿರಲಿಲ್ಲ. ಆ ವರ್ಷದ ಡಿಸೆಂಬರ್ 30ಕ್ಕಷ್ಟೇ ಗುಲಬರ್ಗಾದಿಂದ ಬೇರೆಯಾಯಿತು.

ಹೊಳೆ ಇಳಿದ ಮೇಲೆ ನಾವು ಮಾಡುವ ಮೊದಲ ಕೆಲಸವೇನು? ಪಹಣಿ ಹಿಡಿದು ತಲಾಠಿಯ ಬೆನ್ನು ಹತ್ತುವುದು. ತೊಗರಿ ಎಷ್ಟು ಎಕರೆ ಹೋಯಿತು, ಹತ್ತಿ ಎಷ್ಟು, ಭತ್ತ ಎಷ್ಟು ಎಂದು ಬರೆಸುವುದು. ಇದು ತಪ್ಪಲ್ಲ, ಬರೆಸಲೇಬೇಕು. ಆದರೆ ಅದೇ ಹೊಳೆ ಊರ ಸೇದುವ ಬಾವಿಯೊಳಗೂ ಹೊಕ್ಕಿರುತ್ತದೆ. ಕೈಪಂಪಿನ ಕಟ್ಟೆ ಒಡೆದಿರುತ್ತದೆ, ನಲ್ಲಿಯ ಪೈಪು ಚರಂಡಿಯಲ್ಲಿ ಮುಳುಗಿರುತ್ತದೆ. ಅದನ್ನು ಬರೆಸಿದವರು ಯಾರು? ಹೊಲ ನನ್ನದು, ಬಾವಿ ಊರದ್ದು. ಊರದ್ದೆಂದರೆ ಯಾರದ್ದೂ ಅಲ್ಲ ಎಂಬಂತಾಗಿದೆ. ಎಂಟು ದಿನ ಕಳೆಯುವಷ್ಟರಲ್ಲಿ ಓಣಿಯಲ್ಲಿ ವಾಂತಿ-ಭೇದಿ ಸುರುವಾದಾಗ ಮಾತ್ರ ಬಾವಿಯ ನೆನಪಾಗುತ್ತದೆ. ಹೊಳೆ ಬಾರದ ದಿನಗಳಲ್ಲೇ ಕೆಟ್ಟ ನೀರು ಎಂಥ ಅನಾಹುತ ಮಾಡಬಲ್ಲದು ಎಂಬುದನ್ನು 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಂಡಿದ್ದೇವೆ. ಅಲ್ಲಿ ಜನ ಹಾಸಿಗೆ ಹಿಡಿದರು, ಸಾವೂ ಆಯಿತು.

ಬಾವಿಗೆ, ದವಾಖಾನೆಗೆ ಸರಕಾರದ ಹಣವಿಲ್ಲವೆಂದು ತಿಳಿಯಬೇಡಿರಿ. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಪ್ರತಿ ರಾಜ್ಯಕ್ಕೂ ಒಂದು ವಿಪತ್ತು ಪರಿಹಾರ ನಿಧಿ ಇದೆ. ಕರ್ನಾಟಕದ ಪಾಲಿಗೆ ಅದರಲ್ಲಿ ರೂಪಾಯಿಗೆ ಮುಕ್ಕಾಲು ಕೇಂದ್ರದ್ದು, ಕಾಲು ರಾಜ್ಯದ್ದು. ಚಂಡಮಾರುತ, ನೆರೆ, ಬರ, ಆಲಿಕಲ್ಲು ಎಲ್ಲವೂ ಅದರೊಳಗೆ ಬರುತ್ತವೆ. ಈ ಹಣ ಜಿಲ್ಲಾಧಿಕಾರಿಗಳ ಮೂಲಕ ಖರ್ಚಾಗುತ್ತದೆ. ನೆರೆಯಲ್ಲಿ ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಎಂಬುದು ಬಹಳ ಮಂದಿಗೆ ಗೊತ್ತು. ನೆರೆಯಲ್ಲಿ ಗಾಯಗೊಂಡು ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿ ಮಲಗಿದವರಿಗೂ ಪರಿಹಾರ ಉಂಟೆಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. 2022ರಲ್ಲಿ ಪರಿಷ್ಕರಿಸಿದ ದರದಂತೆ ಅದು 16,000 ರೂಪಾಯಿ, ವಾರದೊಳಗಾದರೆ 5,400. ಆಸ್ಪತ್ರೆಯ ಕಾಗದವನ್ನು ಮನೆಯ ಜಂತಿಗೆ ಸಿಕ್ಕಿಸಿ ಮರೆಯದೆ ಜೋಪಾನ ಮಾಡಿರಿ.

ಅದೇ ನಿಧಿಯ ನಿಯಮಗಳಲ್ಲಿ ತುರ್ತು ದುರಸ್ತಿಯ ಕೆಲಸಗಳ ಪಟ್ಟಿ ಒಂದಿದೆ. ಕೈಪಂಪಿನ ಕಟ್ಟೆ, ಬಾವಿಯ ಕಟ್ಟೆ, ಸಾರ್ವಜನಿಕ ನಲ್ಲಿ, ಒಡೆದ ಪೈಪಿನ ತುಂಡು, ಕೆಟ್ಟ ಪಂಪು, ಸೋರುವ ಮೇಲ್ತೊಟ್ಟಿ, ನೀರಿನ ತೊಟ್ಟಿಯ ಶುದ್ಧೀಕರಣ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ, ಸೂರು, ವಿದ್ಯುತ್ ತಂತಿ ಇವೆಲ್ಲ ಅದರಲ್ಲಿವೆ. ಆದರೆ ಒಂದು ಮಾತು ಲಕ್ಷ್ಯದಲ್ಲಿರಲಿ. ನಮ್ಮಂಥ ಬಯಲು ಪ್ರದೇಶಕ್ಕೆ ಈ ತುರ್ತು ಕೆಲಸಗಳ ಅವಧಿ ಸಾಮಾನ್ಯ ವಿಪತ್ತಿನಲ್ಲಿ 30 ದಿನ, ತೀವ್ರ ವಿಪತ್ತಿನಲ್ಲಿ 45 ದಿನ ಮಾತ್ರ. ದೀಪಾವಳಿ ಮುಗಿಯಲಿ, ರಾಶಿ ಆಗಲಿ ಎಂದು ಕಾಯುತ್ತ ಕುಳಿತರೆ ಆ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ನೀರು ಇಳಿದ ಮರುದಿನವೇ ನಾಲ್ಕು ಮಂದಿ ಕೂಡಿ ಊರನ್ನು ಸುತ್ತಿರಿ. ಯಾವ ಓಣಿಯ ಯಾವ ಬಾವಿ, ಎಲ್ಲಿಯ ಕೈಪಂಪು, ಏನು ಹಾನಿ ಎಂದು ತಾರೀಖು ಸಹಿತ ಬರೆದು, ಫೋಟೋ ತೆಗೆದು, ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗೂ ತಹಸೀಲ್ದಾರರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಕಚೇರಿಯಲ್ಲಿ ಸಾಕ್ಷಿ ಇರುವುದಿಲ್ಲ.

ಮೊದಲೆಲ್ಲ ಈ ನಿಧಿ ತಕ್ಷಣದ ಪರಿಹಾರಕ್ಕೆ ಮೀಸಲಾಗಿತ್ತು. ಗಂಜಿ ಕೇಂದ್ರ ಮುಚ್ಚಿತೆಂದರೆ ಹಣದ ದಾರಿಯೂ ಮುಚ್ಚಿದಂತೆಯೇ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಹೊಸ ಹಂಚಿಕೆ ಹೇಳಿತು. ನೂರರಲ್ಲಿ 40 ಪಾಲು ತಕ್ಷಣದ ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಸಿದ್ಧತೆಗೆ, ಉಳಿದ 20 ವಿಪತ್ತು ಬಾರದಂತೆ ಮುಂಜಾಗ್ರತೆಗೆ. ಅದೇ ಆಯೋಗ ಗ್ರಾಮ ಪಂಚಾಯತಿಗಳ ಅನುದಾನದಲ್ಲಿಯೂ 2021-22ರಿಂದ ನೂರಕ್ಕೆ 60ನ್ನು ಕಟ್ಟಿಹಾಕಿತು. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನಿಮ್ಮ ಪಂಚಾಯತಿಯಲ್ಲಿ ಆ ಹಣ ಎಲ್ಲಿ ಹೋಯಿತೆಂದು ಗ್ರಾಮಸಭೆಯಲ್ಲಿ ಕೇಳುವುದು ಜಗಳವಲ್ಲ, ಹಕ್ಕು.

ಇನ್ನು ಚಿಕ್ಕದಾದರೂ ಕೈಗೆ ಬೇಗ ಎಟಕುವ ಹಣವೊಂದಿದೆ. ಪ್ರತಿ ಕಂದಾಯ ಗ್ರಾಮದ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಉಂಟು. ಪಂಚಾಯತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಕಾರ್ಯದರ್ಶಿ. ಬ್ಲೀಚಿಂಗ್ ಪುಡಿ, ತಿಪ್ಪೆ ಎತ್ತಿಸುವ ಕೂಲಿ, ರೋಗಿಯನ್ನು ಸಾಗಿಸುವ ಗಾಡಿ ಬಾಡಿಗೆ ಇಂಥದಕ್ಕೆ ಮೇಲಿನವರ ಮಂಜೂರಾತಿಗೆ ಕಾಯಬೇಕಿಲ್ಲ. ಸಮಿತಿಯ ಸಭೆ ಸೇರಿ ಠರಾವು ಬರೆದರೆ ಸಾಕು. ನಿಮ್ಮೂರಲ್ಲಿ ಈ ಸಭೆ ಕಡೆಯ ಸಲ ಯಾವಾಗ ಸೇರಿತ್ತು? ಇವತ್ತೇ ಆಶಾ ತಾಯಿಯನ್ನು ವಿಚಾರಿಸಿರಿ. ಪಾಪ, ಅವರೊಬ್ಬರೇ ಎಷ್ಟು ಮನೆ ತಿರುಗಿಯಾರು?

ಹಣ ಬರಲಿ, ಬಿಡಲಿ, ಬಾವಿಗೆ ಪುಡಿ ಹಾಕುವ ಕ್ರಮವನ್ನು ಊರಿಗಿಬ್ಬರಾದರೂ ತಿಳಿದಿರಬೇಕು. ಮೂಟೆ ಬಿಚ್ಚಿ ಬಾವಿಗೆ ಸುರಿಯುವುದು ಕ್ರಮವಲ್ಲ. ಹೊಳೆ ನೀರು ಹೊಕ್ಕ ಬಾವಿಯನ್ನು ಮೊದಲು ಪಂಪು ಹಚ್ಚಿ ಬರಿದು ಮಾಡಿ, ಹೂಳು ತೆಗೆದು, ಹೊಸ ನೀರು ಬರಲು ಬಿಡಬೇಕು. ಹಳೆಯ ಬಾವಿಗೆ ಆಳು ಇಳಿಸುವ ಮುಂಚೆ ಒಳಗೆ ವಿಷಗಾಳಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಆಮೇಲೆ ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆಯೆಂದು ಸಿಗುತ್ತದೆ. ನಾಲ್ಕು ಮೀಟರ್ ಅಗಲ, ಮೂರು ಮೀಟರ್ ನೀರಿನ ಬಾವಿಯಲ್ಲಿ ಸುಮಾರು 37,700 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ ಲೆಕ್ಕ ಹಾಕಿದರೆ ಸುಮಾರು 94 ಗ್ರಾಂ ಆಗುತ್ತದೆ. ಇದು ತಿಳಿನೀರಿನ ಲೆಕ್ಕ. ಬಗ್ಗಡವಿದ್ದರೆ ಹೆಚ್ಚು ಬೇಕು. ಎಷ್ಟೆಂದು ಆರೋಗ್ಯ ನಿರೀಕ್ಷಕರು ಪರೀಕ್ಷೆ ಮಾಡಿ ಹೇಳುತ್ತಾರೆ.

ಪುಡಿಯನ್ನು ಬಕೆಟ್ಟಿನಲ್ಲಿ ಹಾಕಿ, ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮೇಲೆ ನೀರು ತುಂಬಿ ಹತ್ತು ನಿಮಿಷ ಬಿಡಿರಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಹಗ್ಗದಿಂದ ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಚೆನ್ನಾಗಿ ಕಲಕಿರಿ. ಸುಣ್ಣವನ್ನು ಬಾವಿಗೆ ಹಾಕಬಾರದು. ಕನಿಷ್ಠ ಒಂದು ತಾಸು ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಉತ್ತಮ. ವಾಸನೆ ಬರುತ್ತದೆಂದು ಹೆಣ್ಣುಮಕ್ಕಳು ಆ ನೀರು ಬಿಟ್ಟು ಹಳ್ಳಕ್ಕೆ ಹೋಗುವುದುಂಟು. ಆ ವಾಸನೆ ಇದ್ದರೆ ನೀರಿಗೆ ಕಾವಲಿದೆ ಎಂದರ್ಥ ಎಂದು ಮನೆಯಲ್ಲಿ ಹೇಳಿರಿ. ಮತ್ತೆ, ಪಂಚಾಯತಿ ಕೋಣೆಯಲ್ಲಿ ಬಾಯಿ ತೆರೆದು ವರ್ಷಗಟ್ಟಲೆ ಬಿದ್ದ ಪುಡಿಗೆ ಕಸುವಿರುವುದಿಲ್ಲ. ಹಳೆಯ ಬೀಜ ಬಿತ್ತಿ ಮೊಳಕೆಗೆ ಕಾದಂತೆ ಆದೀತು.

ಭೇದಿ ಹತ್ತಿದರೆ ಮಗುವಿಗೆ ನೀರು ನಿಲ್ಲಿಸಬೇಡಿರಿ. ಆಶಾ ಹತ್ತಿರ ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ದವಾಖಾನೆಗೆ ಒಯ್ಯಿರಿ. ಕೆಸರು ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರಿಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಅದು ಇಲಿಜ್ವರವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿರಿ. ಸತ್ತ ದನಗಳನ್ನು ಹೊಳೆಗೆ ನೂಕದೆ, ಬಾವಿಯಿಂದ ದೂರ ಆಳವಾಗಿ ಹೂಳಿರಿ. ಹೂಳುವ ಮುಂಚೆ ಪಶುವೈದ್ಯರಿಂದ ಪ್ರಮಾಣಪತ್ರ ಬರೆಸಿಕೊಂಡರೆ ದನದ ಪರಿಹಾರಕ್ಕೂ ಬೇಕಾಗುತ್ತದೆ.

ಈ ಪುಟವನ್ನು ವಾಚನಾಲಯದಲ್ಲಿ ಓದುತ್ತಿರುವವರು ಮುಂದಿನ ಮಳೆಗಾಲದ ಮುಂಚೆಯೇ ಊರ ಬಾವಿಗಳ ಅಗಲ ಅಳೆದು ಒಂದು ಪಟ್ಟಿ ಬರೆದು ಇಲ್ಲಿಯೇ ಗೋಡೆಗೆ ಹಚ್ಚಿರಿ. ನೀರು ಬಂದ ದಿನ ಆಳ ಮಾತ್ರ ಅಳೆದರೆ ಸಾಕಾಗುತ್ತದೆ.