ಗಣಿ ಬಂಗಲೆಗಳ ಮನೆವಾರ್ತೆ

ಕೋಲಾರದ ಚಿನ್ನದ ಗಣಿಗಳ ಬಂಗಲೆಗಳಲ್ಲಿ ಸೇವೆಮಾಡಿದ ಹಿರಿಯರನ್ನು ಬಲ್ಲವರು ನಮ್ಮ ವಾಚಕರಲ್ಲಿ ಕೆಲವರಾದರೂ ಇರಬಹುದು. ಕ್ಯಾಸಂಬಳ್ಳಿಯವರಿಗೆ ಗಣಿಪ್ರದೇಶವು ನೆರೆಯೂರಿನಂತೆ; ಆದರೂ ಆ ಬಂಗಲೆಗಳ ಒಳಗಿನ ಮನೆವಾರ್ತೆಯು ಹೇಗೆ ಸಾಗುತ್ತಿತ್ತೆಂಬುದನ್ನು ಹೊರಗಿನವರು ಕಂಡದ್ದು ಕಡಿಮೆ. ಅದನ್ನೇ ಇಲ್ಲಿ ಸ್ವಲ್ಪಮಟ್ಟಿಗೆ ವಿವರಿಸಲು ಯತ್ನಿಸುತ್ತೇವೆ.

1873ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನು ಇಲ್ಲಿ ಗಣಿ ತೋಡಲು ಮೈಸೂರು ಸರ್ಕಾರದ ಅನುಮತಿಯನ್ನು ಬೇಡಿದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸಕ್ಕೆ ಕೈಹಾಕಿದ ಮೇಲೆ ಇಂಗ್ಲೆಂಡಿನಿಂದ ಎಂಜಿನಿಯರರೂ ಕಾರ್ನ್‌ವಾಲಿನ ಗಣಿಗಾರರೂ ಬಂದು ನೆಲಸಿದರು. ಅವರಿಗಾಗಿ ಬಂಗಲೆಗಳು ಎದ್ದವು.

ಆ ಕಾಲದ ಬಂಗಲೆಗಳಲ್ಲಿ ಅಡಿಗೆಮನೆಯು ವಾಸದ ಮನೆಗೆ ಅಂಟಿಕೊಂಡಿರದೆ ಹಿತ್ತಲಿನಲ್ಲಿ ಪ್ರತ್ಯೇಕವಾಗಿರುವುದು ವಾಡಿಕೆ. ಹೊಗೆ, ಸೆಕೆ, ಬೆಂಕಿಯ ಭಯ ಇವು ಅದಕ್ಕೆ ಹೇಳುತ್ತಿದ್ದ ಕಾರಣಗಳು. ಅಮೆರಿಕದ ವರ್ಜೀನಿಯಾ ಪ್ರಾಂತದ ಹೊಗೆಸೊಪ್ಪಿನ ತೋಟದ ಒಡೆಯರೂ 17ನೆಯ ಶತಮಾನದ ಕೊನೆಯ ಭಾಗದಲ್ಲಿ ಹೀಗೆಯೇ ಅಡಿಗೆಮನೆಯನ್ನು ಬೇರೆ ಕಟ್ಟಿಸತೊಡಗಿದ್ದರು. ಅಲ್ಲಿ ಒಲೆಯ ಮುಂದೆ ನಿಂತವರು ಗುಲಾಮರು. 1865ರವರೆಗೆ ಅವರಿಗೆ ಬಿಡುಗಡೆಯಿರಲಿಲ್ಲ. ಇಲ್ಲಿಯವರು ಸಂಬಳದ ಆಳುಗಳು, ಬೇಡವಾದರೆ ಬಿಟ್ಟುಹೋಗಬಹುದಾದವರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಉಣ್ಣುವವರಿಗೂ ಬೇಯಿಸುವವರಿಗೂ ನಡುವೆ ಒಂದು ಅಂಗಳದ ದೂರವಿರಬೇಕೆಂಬ ಏರ್ಪಾಡು ಎರಡು ಕಡೆಯೂ ಒಂದೇ.

ಈ ದೂರದಿಂದಲೇ ಅನೇಕ ಸಾಮಾನುಗಳು ಅವಶ್ಯವಾದವು. ಬಿಸಿ ಆರದಂತೆ ತಟ್ಟೆಗಳಿಗೆ ಲೋಹದ ಮುಚ್ಚಳಗಳು. ಮಿಕ್ಕ ಆಹಾರವನ್ನಿಡಲು ತಂತಿಯ ಜಾಲರಿ ಬಡಿದ ಬೀರು. ಈ ಬೀರುವಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರು. ಇರುವೆಯು ನೀರನ್ನು ದಾಟಲಾರದು, ಜಾಲರಿಯು ನೊಣವನ್ನು ತಡೆದು ಗಾಳಿಯನ್ನು ಬಿಡುವುದು. ಕುಡಿಯುವ ನೀರಿಗಾದರೋ ನಮ್ಮ ಕುಂಬಾರನ ಮಣ್ಣಿನ ಹೂಜಿಯೇ ಗತಿ! ಅದರ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆದುಕೊಳ್ಳುವುದರಿಂದ ನೀರು ತಂಪಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಉಗ್ರಾಣದ ಬೀಗ. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬಿಬ್ಬರು ಗೃಹಿಣಿಯರು ಇಂಡಿಯದಲ್ಲಿ ಸಂಸಾರ ಹೂಡುವ ಆಂಗ್ಲ ಸ್ತ್ರೀಯರಿಗಾಗಿ ಒಂದು ದೊಡ್ಡ ಕೈಪಿಡಿಯನ್ನು ಪ್ರಕಟಿಸಿದರು. ಯಜಮಾನಿಯು ದಿನದಿನವೂ ತಾನೇ ಸಾಮಾನನ್ನು ತೆಗೆದುಕೊಡಬೇಕು, ಅಡಿಗೆಮನೆಯನ್ನು ತಪ್ಪದೆ ನೋಡಿಬರಬೇಕು ಎಂಬುದು ಅವರ ಉಪದೇಶ. ಬೀಗದ ಕೈಗೊಂಚಲು ನಮ್ಮ ಅತ್ತೆಯರ ಸೊಂಟದಲ್ಲಿಯೂ ಇತ್ತು; ಅದನ್ನು ಕಂಡು ನಾವು ಮೂಗುಮುರಿಯುವ ಹಾಗಿಲ್ಲ. ಆದರೂ ಆಯಾಳನ್ನು ನಂಬಿ ತನ್ನ ಕೂಸನ್ನೇ ಒಪ್ಪಿಸಿದ ತಾಯಿಯು, ಸಕ್ಕರೆಯ ವಿಷಯದಲ್ಲಿ ಆಳುಗಳನ್ನು ನಂಬದಿದ್ದುದು ನಮಗೆ ವಿಚಿತ್ರವಾಗಿಯೇ ತೋರುತ್ತದೆ.

ಆ ಆಳುಗಳ ಕೈಗಳಿಲ್ಲದೆ ಬಂಗಲೆಯ ಒಂದು ವಸ್ತುವೂ ನಡೆಯುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬಬೇಕು, ದೀಪದ ಗಾಜನ್ನು ಬೂದಿಯಿಂದ ಉಜ್ಜಬೇಕು, ಸ್ನಾನದ ತೊಟ್ಟಿಗೆ ಬಿಸಿನೀರನ್ನು ಹೊತ್ತು ಸುರಿಯಬೇಕು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ ಗಣಿಯ ಯಂತ್ರಗಳಿಗೆ ವಿದ್ಯುಚ್ಛಕ್ತಿಯು ಬಂದಿತು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ. ಆದರೆ ಸುರಂಗಕ್ಕಿಳಿದು ಚಿನ್ನ ತೆಗೆಯುತ್ತಿದ್ದ ಕೂಲಿಗಾರರ ಸಂಸಾರಗಳು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಇದ್ದವು. ಅಲ್ಲಿನ ಸಾಮಾನೆಂದರೆ ಮಣ್ಣಿನ ಮಡಕೆ, ಚಾಪೆ, ಸೀಮೆಎಣ್ಣೆಯ ಬುಡ್ಡಿ ಇಷ್ಟೇ. ಆ ತಾಯಂದಿರ ಒಲೆಗೂ ಹಾಸಿಗೆಗೂ ನಡುವೆ ಅಂಗಳದ ಮಾತು ಹಾಗಿರಲಿ, ಗೋಡೆಯೂ ಇರಲಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಬಂಗಲೆಯ ಸಾಮಾನುಗಳಲ್ಲಿ ಒಂದೆರಡು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳನ್ನು ಸೇರಿರುವುದು ಅಸಂಭವವಲ್ಲ. ಅಂಥ ಜಾಲರಿಯ ಬೀರುವೋ ಪಿಂಗಾಣಿಯ ಬೋಗುಣಿಯೋ ಇದ್ದರೆ, ಅದನ್ನು ಕೊಂಡವರ ಹೆಸರಿನೊಡನೆ ಅದನ್ನು ದಿನವೂ ಒರೆಸುತ್ತಿದ್ದವರ ಹೆಸರನ್ನೂ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಡಬೇಕೆಂದು ಕೋರುತ್ತೇವೆ.