ಅಕಾಪುಲ್ಕೊದ ಮೂರು ತೀರಗಳು

ಮೆಕ್ಸಿಕೊ ದೇಶದ ಪೆಸಿಫಿಕ್ ತೀರದಲ್ಲಿ, ಗೆರೆರೊ ಪ್ರಾಂತಕ್ಕೆ ಸೇರಿದಂತೆ, ಅಕಾಪುಲ್ಕೊ ಎಂಬ ಪಟ್ಟಣವಿದೆ. ಅದರ ಭೂಪಟವನ್ನು ಬಿಡಿಸಿ ಕುಳಿತವರಿಗೆ ಮೊದಲು ಕಾಣುವುದು ಬೆಟ್ಟಗಳು ಬಳಸಿ ನಿಂತ ಒಂದು ಕೊಲ್ಲಿ. ಆಮೇಲೆ ಕಾಣುವುದು ಆ ದಡಕ್ಕೆ ಪ್ರವಾಸೋದ್ಯಮದವರು ಹಂಚಿಕೊಟ್ಟಿರುವ ಮೂರು ಹೆಸರುಗಳು. ಪಡುವಣ ತುದಿಯದು ‘ಸಾಂಪ್ರದಾಯಿಕ’ ವಲಯ. ನಡುವಿನದು ‘ಸುವರ್ಣ’ ವಲಯ. ಮೂಡಣ ಬೆಟ್ಟವನ್ನು ದಾಟಿದರೆ ಸಿಕ್ಕುವುದು ‘ವಜ್ರ’ ವಲಯ. ಒಂದು ಊರು ತನ್ನ ಮೈಗೆ ತಾನೇ ಹೀಗೆ ಬೆಲೆಯ ಚೀಟಿ ಅಂಟಿಸಿಕೊಂಡ ನಿದರ್ಶನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಹೆಸರಿಟ್ಟವರು ಜಾಹೀರಾತಿನವರೇ ಇರಬಹುದು. ಆದರೆ ಅರಿತೋ ಅರಿಯದೆಯೋ ಅವರು ಊರಿನ ಚರಿತ್ರೆಯನ್ನೇ ಬರೆದಿಟ್ಟಿದ್ದಾರೆ. ಸುಮಾರು ತೊಂಬತ್ತು ವರ್ಷಗಳಿಂದ ಇಲ್ಲಿನ ಪ್ರವಾಸಿಗರ ಪೇಟೆ ಪಡುವಣದಿಂದ ಮೂಡಣಕ್ಕೆ ಸರಿಯುತ್ತಲೇ ಬಂದಿದೆ. ಪೇಟೆ ಮುಂದಕ್ಕೆ ಹೋದ ಮೇಲೆ ಹಿಂದೆ ಉಳಿದ ಅಂಗಡಿಕಾರನ ಗತಿಯೇನು? ಈ ಪ್ರಶ್ನೆ ತಲೆಯಲ್ಲಿದ್ದುದರಿಂದಲೇ 2025ರ ವಸಂತದಲ್ಲಿ ಆ ಊರಿಗೆ ಹೋಗುವ ಸಂದರ್ಭ ಒದಗಿದಾಗ ನಾನು ಹೊಸ ತೀರವನ್ನು ಬಿಟ್ಟು ಹಳೆಯ ತೀರದಲ್ಲಿಯೇ ಹೆಚ್ಚು ಹೊತ್ತು ಕಳೆದೆ.

ವ್ಯಾಪಾರ ಬಂದು ಹೋಗುವುದು ಈ ಊರಿಗೆ ಹೊಸದೇನೂ ಅಲ್ಲ. 1565ರಿಂದ 1815ರವರೆಗೆ, ಎರಡೂವರೆ ಶತಮಾನಗಳ ಕಾಲ, ಸ್ಪೇನ್ ದೊರೆಯ ಹಡಗುಗಳು ಫಿಲಿಪೀನ್ಸಿನ ಮನಿಲಾ ಬಂದರಿನಿಂದ ಚೀನದ ರೇಷ್ಮೆಯನ್ನೂ ಪಿಂಗಾಣಿಯನ್ನೂ ಭಾರತದ ಹತ್ತಿ ಬಟ್ಟೆಯನ್ನೂ ಹೊತ್ತು ಇಲ್ಲಿಗೆ ಬರುತ್ತಿದ್ದವು. ಮೆಕ್ಸಿಕೊದ ಬೆಳ್ಳಿಯನ್ನು ಹೇರಿಕೊಂಡು ಹಿಂದಿರುಗುತ್ತಿದ್ದವು. ಹಡಗು ಕಟ್ಟೆಗೆ ತಾಗಿದೊಡನೆ ಜಾತ್ರೆ. ಜಾತ್ರೆ ಮುಗಿದೊಡನೆ ಸೆಕೆಗೂ ಜ್ವರಕ್ಕೂ ಅಂಜಿದ ವರ್ತಕರು ಬೆಟ್ಟ ಹತ್ತಿ ರಾಜಧಾನಿಯ ದಾರಿ ಹಿಡಿಯುತ್ತಿದ್ದರು. ಆ ಹಡಗುಗಳಲ್ಲಿ ಸರಕಿನೊಡನೆ ಮನುಷ್ಯರೂ ಬಂದರು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಪೋರ್ಚುಗೀಸರು ಸೆರೆಹಿಡಿದ ಮಿರ್ರಾ ಎಂಬ ಭಾರತದ ಬಾಲೆಯೊಬ್ಬಳು ಕೊಚ್ಚಿಯ ಮೂಲಕ ಮನಿಲಾಕ್ಕೂ, ಅಲ್ಲಿಂದ ಗುಲಾಮಳಾಗಿ ಅಕಾಪುಲ್ಕೊಗೂ ಬಂದಳು. ಮುಂದೆ ಪುವೆಬ್ಲಾ ನಗರದಲ್ಲಿ ಕತರೀನಾ ದೆ ಸಾನ್ ಹುವಾನ್ ಎಂಬ ಹೆಸರಿನಿಂದ ಸಂತಳಂತೆ ಬಾಳಿ 1688ರಲ್ಲಿ ತೀರಿಕೊಂಡಳು. ತೆಂಗಿನ ಮರದಿಂದ ಕಳ್ಳು ಇಳಿಸುವ ವಿದ್ಯೆಯನ್ನು ಆ ತೀರದವರಿಗೆ ಕಲಿಸಿದವರೂ ಹಡಗಿನಲ್ಲಿ ಬಂದ ಫಿಲಿಪೀನ್ಸಿನ ನಾವಿಕರೇ. ಮೆಕ್ಸಿಕೊದವರು ಇಂದಿಗೂ ಒಂದು ಜಾತಿಯ ಮಾವಿಗೆ ‘ಮನಿಲಾ’ ಎಂದೇ ಹೆಸರಿಟ್ಟಿದ್ದಾರೆ. 1815ರಲ್ಲಿ ಹಡಗು ನಿಂತಿತು. ನಿಂತ ಮೇಲೆ ನೂರು ವರ್ಷಗಳಿಗೂ ಮಿಕ್ಕಿ ಆ ಬಂದರು ಕೋಟೆಯ ನೆರಳಿನಲ್ಲಿ ಮೀನು ಹಿಡಿದುಕೊಂಡು ನಿದ್ರಿಸಿತು.

ಎಬ್ಬಿಸಿದುದು ಒಂದು ರಸ್ತೆ. ರಾಜಧಾನಿಯಿಂದ ಮೋಟಾರು ಬರಬಲ್ಲ ಹಾದಿ 1927ರಲ್ಲಿ ತೆರೆಯಿತು. ಕೊಲ್ಲಿಯ ಪಡುವಣ ಮೂಲೆಯಲ್ಲಿ ಕಲೇತಾ, ಕಲೇತೀಯಾ ಎಂಬ ಎರಡು ಪುಟ್ಟ ಮರಳುದಂಡೆಗಳಿವೆ. ಬಂಡೆಗಳು ಅಡ್ಡ ನಿಂತಿರುವುದರಿಂದ ಅಲ್ಲಿ ಅಲೆಯ ಆರ್ಭಟವಿಲ್ಲ. ಮಕ್ಕಳನ್ನು ನೀರಿಗೆ ಬಿಟ್ಟು ತಾಯಂದಿರು ನೆರಳಿನಲ್ಲಿ ಕುಳಿತಿರಬಹುದು. ಮೊದಲ ಪ್ರವಾಸಿಗರು ಬಂದದ್ದು ಇಲ್ಲಿಗೆ. ಆ ಕಾಲದ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಬೆಳಗಿನ ಸ್ನಾನಕ್ಕೆ ಕಲೇತಾ, ಮಧ್ಯಾಹ್ನದ ಮೇಲೆ ಕೊಲ್ಲಿಯ ಒಳಮೈಯಲ್ಲಿರುವ ಓರ್ನೋಸ್ ದಂಡೆ. ಸೂರ್ಯನನ್ನು ಅನುಸರಿಸಿ ಜನ ಸ್ಥಳ ಬದಲಿಸುವರು. ಜನರನ್ನು ಅನುಸರಿಸಿ ಎಳನೀರಿನವನೂ ಸಿಗಡಿ ಮಾರುವವಳೂ ವಾದ್ಯದವರೂ ಸ್ಥಳ ಬದಲಿಸುವರು. ಮರುದಿನ ಬೆಳಿಗ್ಗೆ ಎಲ್ಲರೂ ಮತ್ತೆ ಕಲೇತಾದಲ್ಲಿ. ಆಗ ಪೇಟೆ ಸರಿದರೂ ಸಂಜೆಯೊಳಗೆ ಸರಿದು, ಬೆಳಗಾಗುವಷ್ಟರಲ್ಲಿ ಹಿಂದಿರುಗುತ್ತಿತ್ತು.

ಇಲ್ಲಿಗೆ ಸಮೀಪದ ಲಾ ಕೆಬ್ರಾದಾ ಎಂಬ ಕಡಿದಾದ ಬಂಡೆಯಿಂದ ಸಮುದ್ರಕ್ಕೆ ಹಾರುವ ಯುವಕರ ಕಸುಬು 1934ರಿಂದ ನಡೆದು ಬಂದಿದೆ. ಎತ್ತರ ಸುಮಾರು 35 ಮೀಟರು; ಕೆಳಗೆ ಇಕ್ಕಟ್ಟಾದ ಸೀಳು. ಅಲೆ ಒಳಗೆ ನುಗ್ಗಿ ನೀರು ಏರುವ ಕ್ಷಣಕ್ಕೆ ದೇಹ ಅಲ್ಲಿರಬೇಕು. ಹಾರುವ ಮೊದಲು ಬಂಡೆಯ ಮೇಲಿನ ಪುಟ್ಟ ಗುಡಿಯಲ್ಲಿ ಮಾತೆಗೆ ಕೈಮುಗಿಯುತ್ತಾರೆ. ಹಾರಿದ ಮೇಲೆ ಮೆಟ್ಟಿಲ ಬಳಿ ನಿಂತು ಪ್ರೇಕ್ಷಕರು ಕೊಟ್ಟದ್ದನ್ನು ಪಡೆಯುತ್ತಾರೆ. ಊರಿನ ಪೇಟೆ ಎಷ್ಟು ದೂರ ಸರಿದರೂ ಬಂಡೆಯನ್ನು ಯಾರೂ ಹೊತ್ತೊಯ್ಯಲಾರರಲ್ಲ! ಹಳೆಯ ಅಕಾಪುಲ್ಕೊದಲ್ಲಿ ಗಿರಾಕಿಯನ್ನು ತನ್ನ ಬಳಿಗೆ ಬರಮಾಡಿಕೊಳ್ಳಬಲ್ಲ ಕಸುಬೆಂದರೆ ಇದೊಂದೇ ಎಂದು ನನಗೆ ತೋರಿತು.

ಮೊದಲ ದೊಡ್ಡ ಸರಿದಾಟ ಅಧ್ಯಕ್ಷ ಮಿಗೆಲ್ ಅಲೆಮಾನರ ಕಾಲದಲ್ಲಿ, ಎಂದರೆ 1946ರಿಂದ 1952ರ ನಡುವೆ ನಡೆಯಿತು. ಕೊಲ್ಲಿಯ ದಡದುದ್ದಕ್ಕೂ ವಿಶಾಲವಾದ ಒಂದು ರಾಜಬೀದಿ ಹಾಸಿತು. ಅದಕ್ಕೆ ಈಗಲೂ ಅವರದೇ ಹೆಸರು. ಆ ದಡದ ನೆಲ ಬರಿದಾಗಿರಲಿಲ್ಲ. ಮೆಕ್ಸಿಕೊದ ಕ್ರಾಂತಿಯ ತರುವಾಯ ರೈತರಿಗೆ ಸಾಮುದಾಯಿಕವಾಗಿ ದೊರೆತಿದ್ದ ಭೂಮಿಯೂ ಅದರಲ್ಲಿ ಸೇರಿತ್ತು. ಸರ್ಕಾರ ಅದನ್ನು ಸ್ವಾಧೀನಪಡಿಸಿಕೊಂಡು ಹೋಟೆಲುಗಳಿಗೂ ಬಂಗಲೆಗಳಿಗೂ ದಾರಿ ಮಾಡಿತು. ಆಮೇಲಿನ ವೈಭವವನ್ನು ವರ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ: 1953ರಲ್ಲಿ ಕೆನೆಡಿ ದಂಪತಿಗಳು ಮಧುಚಂದ್ರಕ್ಕೆ ಬಂದದ್ದು, 1957ರಲ್ಲಿ ಎಲಿಜಬೆತ್ ಟೇಲರ್ ಇಲ್ಲಿ ಮದುವೆಯಾದದ್ದು, ಟಾರ್ಜಾನನ ಪಾತ್ರಧಾರಿ ವೈಸ್‌ಮುಲ್ಲರ್ ಇಲ್ಲಿಯೇ ನೆಲಸಿ 1984ರಲ್ಲಿ ಕಣ್ಣುಮುಚ್ಚಿದ್ದು. ಎಲ್ವಿಸ್ ಪ್ರೀಸ್ಲಿ 1963ರಲ್ಲಿ ಅಕಾಪುಲ್ಕೊದ ಹೆಸರಿನ ಚಲನಚಿತ್ರದಲ್ಲಿ ಹಾಡಿದನಷ್ಟೆ. ಚಿತ್ರೀಕರಣಕ್ಕೆ ಆತ ಹಾಲಿವುಡ್ ಬಿಟ್ಟು ಕದಲಲೇ ಇಲ್ಲ. ಊರಿಗಿಂತ ಊರಿನ ಹೆಸರಿಗೇ ಆಗ ಹೆಚ್ಚು ಬೆಲೆ ಬಂದಿತ್ತು.

ಹೋಟೆಲುಗಳ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು, ಗಾರೆ ಕೆಲಸದವರು ಎಲ್ಲಿ ವಾಸಿಸಬೇಕು? ಅವರು ಕೊಲ್ಲಿಯ ಹಿಂದಿನ ಬೆಟ್ಟವನ್ನೇರಿದರು. ದಡದ ಮೇಲೆ ನಿಂತು ನೋಡಿದರೆ ಅದು ರಂಗಮಂದಿರದ ಮೆಟ್ಟಿಲುಗಳಂತಿದೆ. ಊರಿನವರೂ ಅದನ್ನು ಹಾಗೆಯೇ ಕರೆಯುತ್ತಾರೆ. ಪ್ರೇಕ್ಷಕರ ಸ್ಥಾನದಲ್ಲಿ ಕೂಲಿಕಾರರು, ರಂಗದ ಮೇಲೆ ಅತಿಥಿಗಳು. 1980ರ ಸುಮಾರಿಗೆ ಆ ಗುಡಿಸಲುಗಳಲ್ಲಿ ಅನೇಕವನ್ನು ತೆಗೆಸಿ, ಜನರನ್ನು ಬೆಟ್ಟದ ಆಚೆಗೆ ಹೊಸ ಬಡಾವಣೆಗೆ ಸಾಗಿಸಿದರು. ಬಡಾವಣೆಗಿಟ್ಟ ಹೆಸರು ‘ಪುನರ್ಜನ್ಮ ನಗರ’. ಪುನರ್ಜನ್ಮವೆತ್ತಿದವರು ಅಂದಿನಿಂದ ದಿನವೂ ಬಸ್ಸಿನಲ್ಲಿ ಬೆಟ್ಟ ದಾಟಿ ಕೆಲಸಕ್ಕೆ ಬರಬೇಕಾಯಿತು. ಬೆಟ್ಟದ ಮೇಲೆ ಉಳಿದವರ ಮೇಲೆ 1997ರ ಅಕ್ಟೋಬರಿನಲ್ಲಿ ಪೌಲೀನಾ ಚಂಡಮಾರುತದ ಮಳೆ ಸುರಿಯಿತು. ಕೊರಕಲುಗಳಲ್ಲಿ ಬಂಡೆಯೂ ಕೆಸರೂ ಉರುಳಿ ಬಂದು ನೂರಾರು ಜೀವಗಳು ಹೋದವು.

ಇಷ್ಟರಲ್ಲಿ ಹೊರದೇಶದ ಅತಿಥಿ ಬೇರೆ ಕಡೆಗೆ ಮುಖ ತಿರುಗಿಸಿದ್ದ. ದೇಶದ ಇನ್ನೊಂದು ಅಂಚಿನಲ್ಲಿ, ಕೆರಿಬಿಯನ್ ಸಮುದ್ರದ ದಡದಲ್ಲಿ, ಸರ್ಕಾರವೇ ಲೆಕ್ಕ ಹಾಕಿ ಕಾನ್‌ಕುನ್ ಎಂಬ ಹೊಸ ಊರನ್ನು ಹುಟ್ಟಿಸಿತು; 1974ರಲ್ಲಿ ಅಲ್ಲಿ ಮೊದಲ ಹೋಟೆಲುಗಳು ತೆರೆದವು. ಅಕಾಪುಲ್ಕೊಗೆ ಉಳಿದವರು ಮುಖ್ಯವಾಗಿ ರಾಜಧಾನಿಯ ಸಂಸಾರಸ್ಥರು. 1993ರಲ್ಲಿ ‘ಸೂರ್ಯನ ಹೆದ್ದಾರಿ’ ಪೂರ್ಣವಾದ ಮೇಲೆ ಅವರ ಪ್ರಯಾಣ ನಾಲ್ಕು ಗಂಟೆಗಳಿಗೆ ಇಳಿಯಿತು. ದಾರಿ ಹತ್ತಿರವಾದರೆ ವ್ಯಾಪಾರ ಹೆಚ್ಚಬೇಕೆಂಬುದು ಸಾಮಾನ್ಯ ತರ್ಕ. ಆದರೆ ದಾರಿ ದೂರವಿದ್ದಾಗ ವಾರಗಟ್ಟಲೆ ತಂಗುತ್ತಿದ್ದವರು ದಾರಿ ಹತ್ತಿರವಾದ ಮೇಲೆ ಶುಕ್ರವಾರ ರಾತ್ರಿ ಬಂದು ಭಾನುವಾರ ಮಧ್ಯಾಹ್ನ ಹೊರಡತೊಡಗಿದರು. ಉಳ್ಳವರು ಮೂಡಣ ಬೆಟ್ಟದಾಚೆ, ಸರೋವರಕ್ಕೂ ಸಮುದ್ರಕ್ಕೂ ನಡುವಣ ತಗ್ಗು ನೆಲದಲ್ಲಿ ಎದ್ದ ಬಹುಮಹಡಿಗಳಲ್ಲಿ ಸ್ವಂತ ಮನೆಗಳನ್ನೇ ಕೊಂಡರು. ಇದೇ ‘ವಜ್ರ’ ವಲಯ. ಅಲ್ಲಿ ಈಜುಕೊಳವಿದೆ, ದೊಡ್ಡ ಮಳಿಗೆಗಳಿವೆ, ಕಾವಲಿನವನಿದ್ದಾನೆ. ಹೆದ್ದಾರಿಯಿಂದ ಇಳಿದವರು ಹಳೆಯ ಕೊಲ್ಲಿಯ ಮುಖವನ್ನೇ ನೋಡದೆ ಅಲ್ಲಿಗೆ ಸೇರಬಹುದು. 2017ರಲ್ಲಿ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದ ಮೇಲಂತೂ, ಸುವರ್ಣ ವಲಯದಿಂದ ಹೊರಟವರಿಗೂ ಒಂದು ಕಾಲದಲ್ಲಿ ಕಾರು ನಿಲ್ಲಿಸಿ ನೋಡುತ್ತಿದ್ದ ಕೊಲ್ಲಿಯ ದೃಶ್ಯ ಅನಗತ್ಯವಾಯಿತು.

ಕಲೇತಾಕ್ಕೆ ಈಗ ಬರುವವರು ಬಡವರು ಮತ್ತು ಕೆಳಮಧ್ಯಮ ವರ್ಗದವರು. ಬುತ್ತಿ ಕಟ್ಟಿಕೊಂಡು ಬಂದು, ಒಂದು ಕೊಡೆಯ ನೆರಳಿಗಷ್ಟೇ ಬಾಡಿಗೆ ಕೊಟ್ಟು, ಸಂಜೆಯ ಬಸ್ಸಿಗೆ ಹೊರಡುವವರು. ಇವರಿಂದ ಊರಿನ ಘನತೆ ಕೆಟ್ಟಿತೆಂದು ಹಲುಬುವವರನ್ನು ನಾನು ಅಲ್ಲಿಯೂ ಕಂಡೆ. ನನಗೆ ಆ ಮಾತು ಸಹಿಸಲಿಲ್ಲ. ತಾರೆಯರು ಬರುವುದು ನಿಂತ ಮೇಲೂ ಆ ದಂಡೆಯ ಒಲೆಗಳು ಆರದಂತೆ ನೋಡಿಕೊಂಡವರು ಈ ಬುತ್ತಿಯವರೇ ತಾನೆ? ಮೆಕ್ಸಿಕೊದ ಕಾನೂನಿನಂತೆ ಸಮುದ್ರದಂಡೆ ರಾಷ್ಟ್ರದ ಸ್ವತ್ತು. ದಂಡೆಗೆ ಹೋಗುವ ದಾರಿಯನ್ನು ಅಡ್ಡಗಟ್ಟುವ ಮಾಲೀಕರಿಗೆ ದಂಡ ವಿಧಿಸುವ ತಿದ್ದುಪಡಿಯೂ 2020ರಲ್ಲಿ ಬಂದಿದೆ.

2006ರಿಂದ ಈಚೆಗೆ ಮಾದಕ ವಸ್ತುಗಳ ಗುಂಪುಗಳ ಕಾದಾಟ ಊರನ್ನು ಹೊಕ್ಕಿತು. ವಿಹಾರದ ಹಡಗುಗಳೂ ಅಮೆರಿಕದ ವಿದ್ಯಾರ್ಥಿಗಳೂ ಬರುವುದು ಬಹುಮಟ್ಟಿಗೆ ನಿಂತಿತು. ಆದರೆ ಹೆಚ್ಚು ಪೆಟ್ಟು ತಿಂದವನು ಸಣ್ಣ ವ್ಯಾಪಾರಿ. ನಿಂತ ನೆಲಕ್ಕೆ ‘ನೆಲದ ಕಂದಾಯ’ ಎಂಬ ಹೆಸರಿನಲ್ಲಿ ಹಫ್ತಾ ಕಟ್ಟಬೇಕು. ರೊಟ್ಟಿ ಮಾಡುವವನು, ಟ್ಯಾಕ್ಸಿ ಓಡಿಸುವವನು, ಕೊಡೆ ಬಾಡಿಗೆ ಕೊಡುವವನು, ಯಾರಿಗೂ ಬಿಡುಗಡೆಯಿಲ್ಲ. ಕಟ್ಟದವರ ಅಂಗಡಿ ಬಾಗಿಲು ಮುಚ್ಚಿತು, ಇಲ್ಲವೆ ಸುಟ್ಟುಹೋಯಿತು.

ಹೀಗಿರುವಾಗ 2023ರ ಅಕ್ಟೋಬರ್ 24ರ ಬೆಳಿಗ್ಗೆ ಸಮುದ್ರದ ಮೇಲೆ ಒಂದು ಸಾಧಾರಣ ಬಿರುಗಾಳಿ ಇದ್ದಿತು. ಅದಕ್ಕೆ ಓಟಿಸ್ ಎಂದು ಹೆಸರು. ಹವಾಮಾನದ ಲೆಕ್ಕಾಚಾರಗಳು ಅದನ್ನು ದೊಡ್ಡದೆಂದು ಎಣಿಸಿರಲಿಲ್ಲ. ಬೆಚ್ಚಗಿನ ಸಮುದ್ರದ ಮೇಲೆ ಹಾದು ಬಂದ ಅದು ಒಂದೇ ಹಗಲಿನಲ್ಲಿ ಐದನೆಯ ದರ್ಜೆಯ ಚಂಡಮಾರುತವಾಗಿ ಬೆಳೆದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಗಂಟೆಗೆ ಸುಮಾರು 260 ಕಿಲೋಮೀಟರು ವೇಗದ ಗಾಳಿಯೊಡನೆ ಅಕಾಪುಲ್ಕೊದ ಬಳಿ ನೆಲ ಮುಟ್ಟಿತು. ಮೆಕ್ಸಿಕೊದ ಪೆಸಿಫಿಕ್ ತೀರ ಅಷ್ಟು ಬಿರುಸಾದ ಗಾಳಿಯನ್ನು ದಾಖಲೆಯಲ್ಲಿ ಕಂಡದ್ದಿಲ್ಲ. ವಜ್ರ ವಲಯದಲ್ಲಿ ಆಗ ಗಣಿ ಉದ್ಯಮಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಬೆಟ್ಟ ಅಗೆಯುವವರು ಸ್ನಾನದ ಕೋಣೆಗಳಲ್ಲಿ ಅವಿತು ರಾತ್ರಿ ಕಳೆದರು. ಗಾಜಿನ ಗೋಡೆಗಳ ಹೊಸ ಮಹಡಿಗಳು ಬೆಳಗಾಗುವಷ್ಟರಲ್ಲಿ ಬರಿಯ ಚೌಕಟ್ಟುಗಳಾಗಿದ್ದವು. ಹೋಟೆಲುಗಳಲ್ಲಿ ನೂರಕ್ಕೆ ಎಂಬತ್ತು ಹಾನಿಗೊಂಡವು. ಸುಮಾರು ಐವತ್ತು ಮಂದಿ ಸತ್ತರೆಂದೂ ಇನ್ನೂ ಹಲವರು ಕಾಣೆಯಾದರೆಂದೂ ಸರ್ಕಾರ ಹೇಳಿತು. ಆ ಕಾಣೆಯಾದವರಲ್ಲಿ ಬಹುಮಂದಿ ಯಾರು? ಧನಿಕರ ವಿಹಾರ ನೌಕೆಗಳನ್ನು ಕಾಯಲೆಂದು ಆ ರಾತ್ರಿ ನೀರಿನ ಮೇಲೆಯೇ ಉಳಿದ ನಾವಿಕರು. ಅವರ ಹೆಂಡಿರೂ ತಾಯಂದಿರೂ ವಾರಗಟ್ಟಲೆ ದಡದಲ್ಲಿ ನಿಂತು, ಮುಳುಗಿದ ನೌಕೆಗಳನ್ನು ಮೇಲಕ್ಕೆತ್ತಿ ಎಂದು ಅಂಗಲಾಚಿದರು.

ಗಾಳಿಗೆ ಮೂರು ವಲಯಗಳೂ ಒಂದೇ. ಆಮೇಲಿನ ದಿನಗಳಿಗೆ ಅಲ್ಲ. ದೊಡ್ಡ ಹೋಟೆಲಿಗೆ ವಿಮೆಯಿತ್ತು, ತಾಳೆಗರಿಯ ಚಪ್ಪರಕ್ಕೆ ಇರಲಿಲ್ಲ. ಸರ್ಕಾರ ಮನೆಗಳಿಗೆ ಹಣವನ್ನೂ ಒಲೆ, ಹಾಸಿಗೆ, ಫ್ಯಾನು, ಶೀತಪೆಟ್ಟಿಗೆಗಳನ್ನೂ ಕೊಟ್ಟಿತು. ಆರು ತಿಂಗಳೊಳಗೆ ಟೆನಿಸ್ ಪಂದ್ಯವೂ ರಾಷ್ಟ್ರದ ಪ್ರವಾಸೋದ್ಯಮ ಮೇಳವೂ ವಜ್ರ ವಲಯದಲ್ಲಿ ನಡೆದವು. ಚೇತರಿಕೆ ಇನ್ನೂ ನಡೆಯುತ್ತಿರುವಾಗಲೇ 2024ರ ಸೆಪ್ಟೆಂಬರಿನಲ್ಲಿ ಜಾನ್ ಎಂಬ ಇನ್ನೊಂದು ಚಂಡಮಾರುತ ಬಂದು ದಿನಗಟ್ಟಲೆ ಮಳೆಗರೆದು ಊರನ್ನು ಮುಳುಗಿಸಿತು.

ನಾನು ಹೋದಾಗ ರಾಜಬೀದಿಯ ಕೆಲವು ಹೋಟೆಲುಗಳ ಕೆಳಮಹಡಿಗಳಲ್ಲಿ ದೀಪ ಉರಿಯುತ್ತಿತ್ತು, ಮೇಲಿನವು ಕತ್ತಲಾಗಿದ್ದವು. ಬೀದಿಯಲ್ಲಿ ನೀಲಿ ಬಿಳಿ ಬಣ್ಣದ ಹಳೆಯ ವೋಕ್ಸ್‌ವ್ಯಾಗನ್ ‘ಜೀರುಂಡೆ’ ಟ್ಯಾಕ್ಸಿಗಳು ಓಡಾಡುತ್ತಿದ್ದವು. ಅವುಗಳ ತಯಾರಿಕೆ 2003ರಲ್ಲಿಯೇ ನಿಂತಿದೆ. ಗುರುವಾರವಾದುದರಿಂದ ಊಟದ ಮನೆಗಳಲ್ಲಿ ಜೋಳದ ಕಾಳು ಬೇಯಿಸಿದ ‘ಪೊಸೋಲೆ’ ಗಂಜಿಗೆ ಜನ ಸೇರಿದ್ದರು. ಗೆರೆರೊದವರಿಗೆ ಅದು ಗುರುವಾರದ ನೇಮ. ಅಂದಿನ ಗಿರಾಕಿಗಳೆಲ್ಲ ಊರಿನವರೇ.

ಕಲೇತೀಯಾ ದಂಡೆಯಲ್ಲಿ ಗಾಜಿನ ತಳದ ದೋಣಿಗಳಿವೆ. ಎದುರಿನ ರೋಕೇತಾ ದ್ವೀಪದ ಬಳಿ ನೀರಿನಡಿಯಲ್ಲಿ ನಿಲ್ಲಿಸಿರುವ ಗ್ವಾದಲೂಪೆ ಮಾತೆಯ ವಿಗ್ರಹವನ್ನು ಆ ಗಾಜಿನ ಮೂಲಕ ತೋರಿಸಿ ತರುತ್ತಾರೆ. ಜೊತೆಗಿದ್ದ ಉಪಾಧ್ಯಾಯರೊಬ್ಬರ ಬಾಯಿಂದ ದೋಣಿಯವನೊಬ್ಬನನ್ನು ಆ ರಾತ್ರಿಯ ವಿಷಯ ಕೇಳಿಸಿದೆ. ವಯಸ್ಸು ಅರವತ್ತರ ಮೇಲೆ.

“ಬೆಳಿಗ್ಗೆ ಬಂದು ನೋಡಿದೆ ಸ್ವಾಮಿ. ದೋಣಿ ಇತ್ತು, ಗಾಜು ಇರಲಿಲ್ಲ. ಗಾಜಿಲ್ಲದ ದೋಣಿಗೆ ಯಾರು ದುಡ್ಡು ಕೊಡುತ್ತಾರೆ?” ಎಂದ. ಆರು ತಿಂಗಳು ಗಾರೆ ಕೆಲಸಕ್ಕೆ ಹೋಗಿ ಗಾಜು ಹಾಕಿಸಿದನಂತೆ. ಯಾವ ಕಡೆ ಗಾರೆ ಕೆಲಸ ಎಂದು ಕೇಳಿದ್ದಕ್ಕೆ ಮೂಡಣ ಬೆಟ್ಟದ ಕಡೆಗೆ ಕೈ ತೋರಿಸಿದ. ವಜ್ರ ವಲಯದ ಮಹಡಿಗಳ ದುರಸ್ತಿ.

ಹನ್ನೆರಡು ಜನರಾಗದೆ ದೋಣಿ ಬಿಡುವುದಿಲ್ಲ ಎಂದು ಮೊದಲೇ ತಿಳಿಸಿದ್ದ. ಒಂಬತ್ತು ಮಂದಿ ಇದ್ದೆವು. ಅರ್ಧ ಗಂಟೆ ಕಾದ. ದಂಡೆಯ ಉದ್ದಕ್ಕೂ ಎರಡು ಸಲ ಕೂಗಿ ಬಂದ. ಆಮೇಲೆ ಹಗ್ಗ ಬಿಚ್ಚಿ, ಒಂಬತ್ತು ಮಂದಿಯನ್ನೇ ಕೂರಿಸಿಕೊಂಡು ಹೊರಟ.