ದುಡಿಮೆಯ ಉಡುಪಿನ ಜಾಹೀರಾತು: ಶಬ್ದವಿನ್ಯಾಸದ ಕೆಲವು ನೆಲೆಗಳು

ಅಮೆರಿಕದ ಲೆವಿ ಸ್ಟ್ರಾಸ್ ಕಂಪನಿಯ ಪ್ಯಾಂಟುಗಳ ಸೊಂಟಪಟ್ಟಿಯ ಹಿಂಬದಿಯಲ್ಲಿ ಮುದ್ರೆಯೊಂದನ್ನು ಹೊಲಿದಿರುತ್ತಾರೆ. ಎರಡು ಕುದುರೆಗಳು ಒಂದೇ ಪ್ಯಾಂಟನ್ನು ಎರಡು ದಿಕ್ಕಿಗೆ ಜಗ್ಗುತ್ತಿರುವ ಚಿತ್ರ ಅದರ ಮೇಲಿದೆ. 1886ರಿಂದ ಬಳಕೆಯಲ್ಲಿರುವ ಈ ಮುದ್ರೆಯನ್ನು ದುಡಿಮೆಯ ಉಡುಪಿನ ಜಾಹೀರಾತಿನ ಆರಂಭಿಕ ಮಾದರಿಗಳಲ್ಲಿ ಒಂದೆಂದು ಪರಿಗಣಿಸಬಹುದು. ಚಿತ್ರ ಮೌನವಾದುದಾದರೂ ನೋಡುವವರ ಕಿವಿ ಒಂದು ಶಬ್ದವನ್ನು ನಿರೀಕ್ಷಿಸುತ್ತದೆ. ಬಟ್ಟೆಯು ಪರಪರನೆ ಹರಿಯುವ ಶಬ್ದವದು. ಅದು ಕೇಳಿಸದು ಎಂಬುದೇ ಇಲ್ಲಿನ ಪ್ರತಿಪಾದನೆ. ಇದಕ್ಕೂ ಮುನ್ನ, 1873ರ ಮೇ 20ರಂದು, ರೀನೋ ಪಟ್ಟಣದ ದರ್ಜಿ ಜೇಕಬ್ ಡೇವಿಸ್ ಮತ್ತು ಸ್ಟ್ರಾಸ್ ಅವರ ಸಂಸ್ಥೆ ಜೇಬಿನ ಮೂಲೆಗಳಿಗೆ ಲೋಹದ ರಿವೆಟ್ ಬಡಿಯುವ ವಿಧಾನಕ್ಕೆ ಪೇಟೆಂಟ್ ಪಡೆದದ್ದೂ ಈ ಹರಿಯುವಿಕೆಯನ್ನು ತಡೆಯಲೆಂದೇ.

ಈ ಮೌನಚಿತ್ರದ ಪ್ರತಿಪಾದನೆಯನ್ನು ಚಲನಚಿತ್ರ ಹಾಗೂ ದೂರದರ್ಶನದ ಜಾಹೀರಾತುಗಳು ಶಬ್ದದ ಮೂಲಕ ಹೇಗೆ ನಿರ್ವಹಿಸುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಚಿತ್ರೀಕರಣದ ಸ್ಥಳದಲ್ಲಿ ಬಟ್ಟೆಯ ಸದ್ದು ಉಪಯುಕ್ತವಾಗಿ ದಾಖಲಾಗುವುದು ಅಪರೂಪ. ಅಲ್ಲಿನ ಮೈಕು ಮಾತಿಗೆಂದು ಇಟ್ಟದ್ದು. ಉಡುಪಿನ ಸರಸರ ಸದ್ದು ಅದಕ್ಕೆ ಅಡಚಣೆಯೇ ಹೊರತು ಸಾಮಗ್ರಿಯಲ್ಲ. ಆದ್ದರಿಂದ ಅದನ್ನು ಅನಂತರ ಸ್ಟುಡಿಯೋದಲ್ಲಿ ಸೃಷ್ಟಿಸಲಾಗುತ್ತದೆ. ಯೂನಿವರ್ಸಲ್ ಸ್ಟುಡಿಯೋದಲ್ಲಿ 1929ರ ‘ಷೋ ಬೋಟ್’ ಚಿತ್ರದ ಕಾಲದಿಂದ ಈ ಕೆಲಸದಲ್ಲಿ ತೊಡಗಿದ್ದ ಜ್ಯಾಕ್ ಫೋಲಿ (1891–1967) ಅವರ ಹೆಸರಿನಿಂದಲೇ ಈ ಕಲೆಗೆ ಫೋಲಿ ಎಂಬ ಹೆಸರು ಬಂದಿತು. ಹೆಜ್ಜೆಯ ಸದ್ದು, ಬಟ್ಟೆಯ ಸದ್ದು, ಕೈಯಲ್ಲಿ ಹಿಡಿದ ವಸ್ತುಗಳ ಸದ್ದು ಇವನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಧ್ವನಿಮುದ್ರಿಸುತ್ತಾರೆ. ಕಲಾವಿದರು ಪರದೆಯನ್ನು ನೋಡುತ್ತ, ಮೈಕಿನ ಸಮೀಪದಲ್ಲಿ ಬಟ್ಟೆಯ ತುಂಡನ್ನು ಉಜ್ಜಿ, ಮಡಿಸಿ, ಒದರಿ ಚಲನೆಗೆ ಹೊಂದಿಸುತ್ತಾರೆ. ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕದಲ್ಲಿ 30 ಸೆಕೆಂಡಿನ ಜಾಹೀರಾತು 750 ಚೌಕಟ್ಟುಗಳದ್ದು. ಸದ್ದು ಕೆಲವೇ ಚೌಕಟ್ಟುಗಳಷ್ಟು ಮುಂಚೆ ಬಂದರೂ ಕಣ್ಣು ಕಿವಿಗಳ ಹೊಂದಾಣಿಕೆ ಕೆಡುತ್ತದೆ.

ಬಟ್ಟೆಯ ಜಾತಿಯೇ ಇಲ್ಲಿ ನಿರ್ಣಾಯಕ. ಡೆನಿಮ್ ಓರೆಗೆರೆಯ ನೇಯ್ಗೆಯದು. ಅದರ ಏಣುಗಳು ಒಂದರ ಮೇಲೊಂದು ಉಜ್ಜಿದಾಗ ಒರಟಾದ ‘ಸರ್’ ಎಂಬ ಸದ್ದು ಹೊರಡುತ್ತದೆ. ಡಕ್ ಎಂಬ ದಪ್ಪ ಕ್ಯಾನ್ವಾಸು ಸಾದಾ ಹೆಣಿಗೆಯದಾದರೂ ಬಿಗಿಯಾದುದು. ಚದರ ಗಜಕ್ಕೆ 12 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುವ ಇಂತಹ ಬಟ್ಟೆಯನ್ನು ತಟ್ಟಿದರೆ ‘ಧಪ್’ ಎನ್ನುತ್ತದೆ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಚರ್ಚಿಸುವ ಅನುಕರಣಾವ್ಯಯಗಳ ಪರಂಪರೆಯುಳ್ಳ ಕನ್ನಡಕ್ಕೆ ಈ ವ್ಯತ್ಯಾಸಗಳನ್ನು ಹೆಸರಿಸುವುದು ಕಷ್ಟವೇನಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಕ್ಯಾನ್ವಾಸು ಹೊಸದಿದ್ದಾಗ ಗಂಜಿಯಿಂದ ಬಿರುಸಾಗಿದ್ದು ಸದ್ದು ಮಾಡುತ್ತದೆ. ಹತ್ತಾರು ಬಾರಿ ಒಗೆದ ಮೇಲೆ ಮೆತ್ತಗಾಗಿ ಸದ್ದಡಗುತ್ತದೆ. ಗಟ್ಟಿತನದ ಸಂಕೇತವೆಂದು ನಾವು ಕೇಳುವ ಸದ್ದು ಹಾಗಾದರೆ ಇನ್ನೂ ದುಡಿಯದ ಬಟ್ಟೆಯ ಸದ್ದು.

ಈ ವಿರೋಧಾಭಾಸವು ಕಾರ್ಖಾನೆಯ ದೃಶ್ಯದಲ್ಲಿ ಇನ್ನಷ್ಟು ತೀವ್ರವಾಗುತ್ತದೆ. ಔದ್ಯೋಗಿಕ ಆರೋಗ್ಯವನ್ನು ಕುರಿತ ಅಮೆರಿಕದ ಸಂಶೋಧನಾ ಸಂಸ್ಥೆಯಾದ ನಿಯೋಷ್, ಎಂಟು ಗಂಟೆಯ ಪಾಳಿಗೆ 85 ಡೆಸಿಬೆಲ್ ಸದ್ದನ್ನು ಮಿತಿಯೆಂದು ಶಿಫಾರಸು ಮಾಡಿದೆ. ಸದ್ದು ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗಬೇಕು; 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಲೋಹ ಉಜ್ಜುವ ಯಂತ್ರದ ಬಳಿ ನಿಂತವನಿಗೆ ತನ್ನ ತೋಳಿನ ಬಟ್ಟೆಯ ಸರಸರ ಕೇಳಿಸುವುದು ಅಸಾಧ್ಯ. ಜಾಹೀರಾತಿನ ಶಬ್ದವಿನ್ಯಾಸವು ಈ ಅನುಪಾತವನ್ನೇ ತಲೆಕೆಳಗು ಮಾಡುತ್ತದೆ: ಯಂತ್ರದ ಮೊರೆತವನ್ನು ಹಿನ್ನೆಲೆಗೆ ಸರಿಸಿ, ಒಂದೇ ಒಂದು ಸುತ್ತಿಗೆಯ ಪೆಟ್ಟನ್ನು ಶುದ್ಧಗೊಳಿಸಿ, ಬಟ್ಟೆಯನ್ನು ಮುನ್ನೆಲೆಗೆ ತರುತ್ತದೆ. ಇದನ್ನು ಸುಳ್ಳೆಂದು ಕರೆಯುವುದು ಅವಸರದ ತೀರ್ಮಾನವಾದೀತು. ಆದರೆ ದುಡಿಮೆಗಾರನ ಕಿವಿಗೆ ತಗಲುವ ಹಾನಿ ಮಾತ್ರ ಈ ಚಿತ್ರಣದಿಂದ ಸಂಪೂರ್ಣ ಮರೆಯಾಗುತ್ತದೆ. ಕಿವಿರಕ್ಷೆ ತೊಟ್ಟ ನಾಯಕನನ್ನು ತೋರಿಸುವ ಚಿತ್ರದಲ್ಲಿ ಸದ್ದನ್ನು ಆ ರಕ್ಷೆಯೊಳಗಿನಿಂದ ಕೇಳಿಸಿದರೆ ಏನಾದೀತು ಎಂಬುದು ವಿನ್ಯಾಸಕರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಉಡುಪು ದುಡಿಮೆಯಿಂದ ಫ್ಯಾಷನ್ನಿಗೆ ದಾಟಿದಾಗ ಈ ಸಮಸ್ಯೆಯೇ ಇಲ್ಲವಾಗುತ್ತದೆ. ಲೆವಿಸ್ 501ಕ್ಕಾಗಿ 1985ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ಲಾಂಡ್ರೆಟ್’ ಜಾಹೀರಾತಿನಲ್ಲಿ ನಿಕ್ ಕಾಮೆನ್ ಪ್ಯಾಂಟು ಕಳಚಿ ಯಂತ್ರಕ್ಕೆ ಹಾಕುತ್ತಾನೆ. ಮಾರ್ವಿನ್ ಗೇ ಹಾಡಿ ಪ್ರಸಿದ್ಧಗೊಳಿಸಿದ್ದ ಹಾಡು ದೃಶ್ಯವನ್ನು ಆಳುತ್ತದೆ. ಅಲ್ಲಿ ಮಾರಾಟವಾದದ್ದು ಬಟ್ಟೆಯ ಬಾಳಿಕೆಯಲ್ಲ.

ಧ್ವನಿಮಟ್ಟದ ನಿಯಮಗಳೂ ವಿನ್ಯಾಸವನ್ನು ಪ್ರಭಾವಿಸಿವೆ. ಜಾಹೀರಾತುಗಳು ಕಾರ್ಯಕ್ರಮಕ್ಕಿಂತ ಗಟ್ಟಿಯಾಗಿ ಅರಚುವುದನ್ನು ತಡೆಯಲು ಅಮೆರಿಕದಲ್ಲಿ 2010ರಲ್ಲಿ ರೂಪಿಸಿದ ಕಾಯಿದೆಯ ನಿಯಮಗಳು 2012ರ ಡಿಸೆಂಬರಿನಿಂದ ಜಾರಿಗೆ ಬಂದವು. ಅಳತೆಗೆ ಒಳಪಡುವುದು ಕ್ಷಣದ ಗರಿಷ್ಠ ಮಟ್ಟವಲ್ಲ, ಸರಾಸರಿ. ಆದ್ದರಿಂದ ಮೊದಲಿಂದ ಕೊನೆಯವರೆಗೆ ಸದ್ದು ತುಂಬಿದವರಿಗೆ ಲಾಭವಿಲ್ಲ. ಮೌನವನ್ನು ಉಳಿಸಿಕೊಂಡವರ ಸುತ್ತಿಗೆಯ ಪೆಟ್ಟಿಗೆ ಹೆಚ್ಚಿನ ಅವಕಾಶ ದೊರೆಯುತ್ತದೆ. ಆದರೆ ಇದೇ ಜಾಹೀರಾತು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಬರುವಾಗ ಕೆಳಸ್ಥಾಯಿಯ ಕಂಪನಗಳು ಉಳಿಯುವುದಿಲ್ಲ. ಕ್ಯಾನ್ವಾಸಿನ ‘ಧಪ್’ ಕಳೆದುಹೋಗಿ, ರಿವೆಟಿನ ಕಿಣಿತ ಮತ್ತು ಬಟ್ಟೆಯ ಸರಸರ ಮಾತ್ರ ಕೇಳುಗನನ್ನು ತಲುಪುತ್ತವೆ.